ಕೊಂಡಿಯ ಸದ್ದು: ಕನ್ನಡನಾಡಿನ ಸಾರಿಗೆಯ ಚರಿತ್ರೆಯಲ್ಲಿ ಒಂದು ಅಲಕ್ಷಿತ ಪ್ರಕರಣ

1. ಪೀಠಿಕೆ

ಸಾರಿಗೆಯ ಚರಿತ್ರೆಯನ್ನು ಬರೆದವರ ದೃಷ್ಟಿ ಸಾಮಾನ್ಯವಾಗಿ ಎರಡು ವಸ್ತುಗಳ ಮೇಲೆ ನೆಲೆಸಿರುತ್ತದೆ. ಎಳೆಯುವ ಶಕ್ತಿ ಮೊದಲನೆಯದು. ಉರುಳುವ ಗಾಲಿ ಎರಡನೆಯದು. ಎತ್ತು, ಕುದುರೆ, ಆನೆ, ಉಗಿಯಂತ್ರ, ತೈಲಯಂತ್ರ ಎಂಬ ಕ್ರಮದಲ್ಲಿ ಶಕ್ತಿಯ ಕಥೆಯನ್ನೂ, ದಿಮ್ಮಿಗಾಲಿ, ಅರಗಾಲಿ, ಕಬ್ಬಿಣದ ಪಟ್ಟಿ, ರಬ್ಬರಿನ ಟೈರು ಎಂಬ ಕ್ರಮದಲ್ಲಿ ಗಾಲಿಯ ಕಥೆಯನ್ನೂ ಹೇಳಿ ಮುಗಿಸುವುದು ವಾಡಿಕೆ. ಆದರೆ ಎಳೆಯುವುದಕ್ಕೂ ಉರುಳುವುದಕ್ಕೂ ನಡುವೆ ಮೂರನೆಯ ವಸ್ತುವೊಂದುಂಟು. ಅದು ಗೇಣುದ್ದದ ಮರವೋ ಹಿಡಿಯಷ್ಟು ಚರ್ಮವೋ ಬೆರಳುಗಾತ್ರದ ಕಬ್ಬಿಣದ ಕೀಲೋ ಆಗಿದ್ದೀತು. ಅದಿಲ್ಲದೆ ಎತ್ತು ಹೊಲದಲ್ಲಿ ಉಳಿಯುತ್ತದೆ, ಬಂಡಿ ಹಟ್ಟಿಯಲ್ಲಿ ಉಳಿಯುತ್ತದೆ. ಈ ಸಂಧಿಯ ವಿಷಯದಲ್ಲಿ ನಮ್ಮ ಇತಿಹಾಸಕಾರರು ತಾಳಿರುವ ಮೌನವು ಆಶ್ಚರ್ಯಕರವಾದುದು. ಏಕೆಂದರೆ, ಬಂಡಿಯ ಅಂಗಗಳಲ್ಲೆಲ್ಲ ಅತಿ ಹೆಚ್ಚು ಸದ್ದು ಮಾಡುವುದು ಇದೇ.

ಈ ವಿಚಾರವು ನಮ್ಮ ಮನಸ್ಸಿಗೆ ಹೊಳೆದುದು ಗ್ರಂಥಾಲಯದಲ್ಲಲ್ಲ, ಅಟ್ಟೂರಿನಲ್ಲಿ. ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಪಕ್ಕದಲ್ಲಿರುವ ಈ ಊರು ಕೆರೆ, ಹೊಲ, ತೋಪುಗಳ ಗ್ರಾಮವಾಗಿದ್ದು, ಈಗ ಮಹಾನಗರದ ಬಡಾವಣೆಗಳೊಳಗೆ ಸೇರಿಹೋಗಿದೆ. ಅಲ್ಲಿ ಕೆಲವು ಕಾಲ ವಾಸಮಾಡಿದ ನಮಗೆ ರಾತ್ರಿಯ ನಿಶ್ಶಬ್ದದಲ್ಲಿ ಎರಡು ಬಗೆಯ ಸದ್ದುಗಳು ಪರಿಚಿತವಾದುವು. ಯಲಹಂಕ ಜಂಕ್ಷನ್ನಿನ ಕಡೆಯಿಂದ, ನಿಂತಿದ್ದ ಸರಕುಗಾಡಿಯು ಹೊರಡುವಾಗ, ವ್ಯಾಗನ್ನಿನಿಂದ ವ್ಯಾಗನ್ನಿಗೆ ಗುಡುಗಿನಂತೆ ಉರುಳುತ್ತ ದೂರ ಸರಿಯುವ ಸದ್ದು ಒಂದು. ರಸ್ತೆಯ ಉಬ್ಬುಗಳ ಮೇಲೆ ಇಟ್ಟಿಗೆ, ಮರಳುಗಳನ್ನು ಹೇರಿಕೊಂಡು ಬರುವ ಟ್ರ್ಯಾಕ್ಟರಿನ ಹಿಂದೆ ಟ್ರೇಲರು ಹೊಡೆಯುವ 'ಟಣ್, ಟಣ್' ಎಂಬ ಸದ್ದು ಇನ್ನೊಂದು. ಇವೆರಡೂ ಯಂತ್ರದ ಸದ್ದಲ್ಲ, ಗಾಲಿಯ ಸದ್ದೂ ಅಲ್ಲ, ಕೊಂಡಿಯ ಸದ್ದು. ಇವಕ್ಕೆ ಪೂರ್ವಜರಾದ ಸದ್ದುಗಳು ಇದೇ ದಾರಿಯಲ್ಲಿ ಎಷ್ಟು ಶತಮಾನಗಳಿಂದ ಕೇಳಿಬಂದಿರಬೇಕು ಎಂಬ ಪ್ರಶ್ನೆಯೇ ಪ್ರಸ್ತುತ ಪ್ರಬಂಧದ ಬೀಜ.

ಭಾಷೆಯ ಸಾಕ್ಷ್ಯವನ್ನು ಮೊದಲು ನೋಡಬಹುದು. ಕನ್ನಡದಲ್ಲಿ 'ಕೀಲು' ಎಂಬ ಶಬ್ದವು ಬಂಡಿಯ ಗಾಲಿ ಕಳಚದಂತೆ ತಡೆಯುವ ಕಡಾಣಿಗೂ, ದೇಹದಲ್ಲಿ ಮೂಳೆಗೆ ಮೂಳೆ ಕೂಡುವ ಸ್ಥಾನಕ್ಕೂ ಸಲ್ಲುತ್ತದೆ. 'ಕೊಂಡಿ'ಯೆಂದರೆ ಸರಪಣಿಯ ಬಳೆಯೂ ಹೌದು, ಚೇಳು ಕುಟುಕುವ ಅಂಗವೂ ಹೌದು. ಕೂಡಿಸುವ ವಸ್ತುವೇ ನೋಯಿಸುವ ವಸ್ತುವೂ ಆಗಬಲ್ಲದೆಂಬ ಅನುಭವ ಈ ನಾಡಿನ ಜನಕ್ಕೆ ಹೊಸದಲ್ಲ. ಈ ಎರಡು ಅರ್ಥಗಳು ಚರಿತ್ರೆಯಲ್ಲಿಯೂ ಹೇಗೆ ಒಂದನ್ನೊಂದು ಬಿಡದೆ ಸಾಗಿ ಬಂದಿವೆ ಎಂಬುದನ್ನು ಮುಂದೆ ಕಾಣಬಹುದು.

2. ನೊಗ, ಮೂಕಿ, ಮಿಣಿ

ಯಲಹಂಕದ ಪ್ರಭುವಾದ ಒಂದನೆಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಗೆ ಅಸ್ತಿಭಾರ ಹಾಕಿದನೆಂಬುದು ಪ್ರಸಿದ್ಧವಾದ ಸಂಗತಿ. ಶುಭಮುಹೂರ್ತದಲ್ಲಿ ನಾಲ್ಕು ಜೋಡಿ ಎತ್ತುಗಳಿಗೆ ಅಲಂಕರಿಸಿದ ನೇಗಿಲುಗಳನ್ನು ಹೂಡಿ, ನಾಲ್ಕು ದಿಕ್ಕಿಗೆ ಹೊಡೆದು, ಆ ಸಾಲುಗಳನ್ನೇ ಪೇಟೆಯ ಬೀದಿಗಳೆಂದು ಗೊತ್ತುಮಾಡಿದನೆಂಬ ಐತಿಹ್ಯವೂ ಅಷ್ಟೇ ಪ್ರಸಿದ್ಧ. ಐತಿಹ್ಯದ ಸತ್ಯಾಸತ್ಯವು ಇಲ್ಲಿ ನಮಗೆ ಪ್ರಕೃತವಲ್ಲ. ನಗರವೊಂದರ ಹುಟ್ಟನ್ನು ನೆನೆಯುವಾಗ ಜನರ ಮನಸ್ಸಿಗೆ ಬಂದ ಚಿತ್ರವು ಹೂಡುವ ಕ್ರಿಯೆಯದು ಎಂಬುದಷ್ಟೇ ಗಮನಾರ್ಹ. 'ಹೂಡು' ಎಂದರೆ ಎಳೆಯುವುದನ್ನೂ ಎಳೆಯಲ್ಪಡುವುದನ್ನೂ ಕೂಡಿಸು ಎಂದೇ ಅರ್ಥ. ನಾವು ಇಂದಿಗೂ ವ್ಯಾಪಾರಕ್ಕೆ ಬಂಡವಾಳವನ್ನು ಹೂಡುತ್ತೇವೆ, ನ್ಯಾಯಾಲಯದಲ್ಲಿ ದಾವೆಯನ್ನು ಹೂಡುತ್ತೇವೆ.

ಎತ್ತಿನ ಬಂಡಿಯ ಸಂಧಿಯನ್ನು ಪರಿಶೀಲಿಸಿದರೆ ಅದು ಮೂರು ವಸ್ತುಗಳ ಒಪ್ಪಂದವೆಂದು ತಿಳಿಯುತ್ತದೆ. ಬಂಡಿಯಿಂದ ಮುಂದಕ್ಕೆ ಚಾಚಿದ ಮರ ಮೂಕಿ. ಎತ್ತುಗಳ ಹೆಗಲಿನ ಮೇಲೆ ಅಡ್ಡವಾಗಿ ಕೂರುವ ಮರ ನೊಗ. ಇವೆರಡನ್ನೂ ಬಿಗಿಯುವ ಚರ್ಮದ ಹಗ್ಗ ಮಿಣಿ. ಎತ್ತಿನ ಕತ್ತನ್ನು ನೊಗಕ್ಕೆ ಹಿಡಿದಿರಿಸುವ ಪಟ್ಟಿಗೆ ಜತ್ತಿಗೆಯೆಂದು ಹೆಸರು. ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸ್ಥಳವೇ ಇಲ್ಲ. ಚರ್ಮವು ಬಾಗುತ್ತದೆ, ಹಿಗ್ಗುತ್ತದೆ, ಆದರೆ ಬಡಿಯುವುದಿಲ್ಲ. ಆದಕಾರಣ ಹಳೆಯ ಬಂಡಿಯ ಕಿರ್ರೆಂಬ ಕೂಗು ಬಹುಮಟ್ಟಿಗೆ ಗಾಲಿಯ ಗುಂಬದಿಂದ ಬರುತ್ತಿದ್ದುದೇ ಹೊರತು ನೊಗದ ಸಂಧಿಯಿಂದಲ್ಲ. ಆ ಕೂಗಿಗೆ ಔಷಧವೆಂದರೆ ಕೀಲೆಣ್ಣೆ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಕೊಳವೆಯಲ್ಲಿ ತುಂಬಿ, ಬಂಡಿಯ ಅಡಿಗೆ ತೂಗಹಾಕುತ್ತಿದ್ದರು. ಯಲಹಂಕದ ಸುತ್ತಣ ಹಳ್ಳಿಗಳಲ್ಲಿ ನಾವು ಮಾತನಾಡಿಸಿದ ಹಿರಿಯರು, ಕತ್ತಲಲ್ಲಿ ಬರುವ ಬಂಡಿ ಯಾರ ಮನೆಯದೆಂಬುದನ್ನು ಅದರ ಸದ್ದಿನಿಂದಲೇ ಗುರುತಿಸುತ್ತಿದ್ದುದಾಗಿ ಹೇಳಿದರು.

ನೊಗದ ಸಂಧಿ ಸದ್ದು ಮಾಡದೆಂದ ಮಾತ್ರಕ್ಕೆ ಅದು ನಿರ್ದೋಷವೆಂದು ತಿಳಿಯಲಾಗದು. ಎರಡು ಗಾಲಿಯ ಬಂಡಿಯಲ್ಲಿ ಹೇರು ಮುಂದಾದರೆ ಮೂಕಿ ಎತ್ತಿನ ಹೆಗಲನ್ನು ಅಮುಕುತ್ತದೆ. ಹಿಂದಾದರೆ ಮೂಕಿ ಮೇಲಕ್ಕೆದ್ದು ಜತ್ತಿಗೆಯು ಕೊರಳನ್ನು ಬಿಗಿಯುತ್ತದೆ. ಮುಂಭಾರ, ಹಿಂಭಾರಗಳ ಈ ಲೆಕ್ಕವನ್ನು ಅರಿತು ಹೇರುವುದೇ ಬಂಡಿಕಾರನ ವಿದ್ಯೆ. ಲೆಕ್ಕ ತಪ್ಪಿದರೆ ಕಬ್ಬಿಣದ ಕೊಂಡಿಯಂತೆ ನೊಗವು ಕೂಗಿ ಹೇಳುವುದಿಲ್ಲ. ಎತ್ತಿನ ಹೆಗಲಿನ ಮೇಲೆ ಹುಣ್ಣಾಗಿ ಬರೆಯುತ್ತದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಬಂಡಿಯ ಸುಧಾರಣೆಗೆ ಕೈಹಾಕಿದಾಗ ಗಾಲಿಯನ್ನಷ್ಟೇ ಅಲ್ಲದೆ ನೊಗವನ್ನೂ ಪ್ರಶ್ನಿಸಿದರು. ನುಣುಪಿಲ್ಲದ ಮರದ ನೊಗದಿಂದ ಪಶುವಿಗೆ ಆಗುವ ನೋವು ಮತ್ತು ವ್ಯರ್ಥವಾಗುವ ಶಕ್ತಿ, ಇವೆರಡೂ ಒಂದೇ ದೋಷದ ಎರಡು ಮುಖಗಳೆಂದು ಅವರು ತೋರಿಸಿಕೊಟ್ಟುದು ಈ ನಾಡಿನ ಸಾರಿಗೆಯ ಚರಿತ್ರೆಯಲ್ಲಿ ಸ್ಮರಣಾರ್ಹ.

3. ತೋಪಿನ ಬಂಡಿ ಮತ್ತು ಅಮೃತಮಹಲು

ಚರ್ಮದ ಸಂಧಿಯ ಸ್ಥಾನಕ್ಕೆ ಕಬ್ಬಿಣದ ಸಂಧಿ ನಮ್ಮ ದಾರಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಬಂದುದು ಯುದ್ಧದ ಮೂಲಕ. 18ನೆಯ ಶತಮಾನದ ತೋಪಿನ ಬಂಡಿಗೆ ಎರಡು ಗಾಲಿಗಳು. ಅದರ ಹಿಂದಣ ಬಾಲವು ಗುಂಡು ಹಾರಿಸುವಾಗ ನೆಲದ ಮೇಲೆ ಊರಿರುತ್ತಿತ್ತು. ದಾರಿ ನಡೆಯಬೇಕಾದಾಗ ಆ ಬಾಲವನ್ನು ಎತ್ತಿ, ಇನ್ನೆರಡು ಗಾಲಿಗಳ ಪುಟ್ಟ ಮುಂಬಂಡಿಯೊಂದರ ಮೇಲೆ ಕೂರಿಸುತ್ತಿದ್ದರು. ಮುಂಬಂಡಿಯ ಅಚ್ಚಿನ ಮೇಲೆ ನೆಟ್ಟಗೆ ನಿಂತ ಕಬ್ಬಿಣದ ಗೂಟವು ಬಾಲದ ತೂತಿನೊಳಕ್ಕೆ ಸೇರುತ್ತಿತ್ತು. ಮೇಲೊಂದು ಸರಪಣಿಯ ಬಿಗಿತ. ಇದು ಗೂಟ-ತೂತುಗಳ ಸಂಧಿ. ತೂತು ಗೂಟಕ್ಕಿಂತ ಒಂದಿಷ್ಟು ದೊಡ್ಡದಾಗಿರಲೇಬೇಕು. ಇಲ್ಲವಾದರೆ ತಿರುವಿನಲ್ಲಿ ಬಂಡಿ ತಿರುಗದು. ದೊಡ್ಡದಾದರೆ ಒಂದೊಂದು ಕಲ್ಲಿಗೂ ಗೂಟ ತೂತಿನ ಅಂಚನ್ನು ಬಡಿಯುತ್ತದೆ. ಬಡಿದಷ್ಟೂ ತೂತು ಸವೆದು ಇನ್ನೂ ದೊಡ್ಡದಾಗುತ್ತದೆ. ಕೊಂಡಿಯ ಸದ್ದಿನ ಶಾಸ್ತ್ರವೆಲ್ಲವೂ ಈ ಒಂದು ವಾಕ್ಯದಲ್ಲಿ ಅಡಗಿದೆ: ತಿರುಗಲು ತೆರಪು ಬೇಕು, ತೆರಪಿದ್ದರೆ ಬಡಿತ ತಪ್ಪದು.

24 ಪೌಂಡು ತೂಕದ ಗುಂಡನ್ನು ಹಾರಿಸುವ ಮುತ್ತಿಗೆಯ ತೋಪಾದರೆ ಅದರ ನಳಿಗೆಯೇ ಎರಡು ಟನ್ನಿಗೂ ಮಿಗಿಲು. ಅದನ್ನೆಳೆಯಲು ಒಂದರ ಮುಂದೊಂದರಂತೆ ಅನೇಕ ಜೋಡಿ ಎತ್ತುಗಳನ್ನು ಹೂಡಬೇಕು. ಜೋಡಿಗಳು ಹೆಚ್ಚಿದಂತೆಲ್ಲ ಸಂಧಿಗಳೂ ಹೆಚ್ಚುತ್ತವೆ. ಒಂದು ಜೋಡಿ ಕ್ಷಣಕಾಲ ತಡವಾಗಿ ಹೆಜ್ಜೆಯಿಟ್ಟರೂ ಹಗ್ಗ ಸಡಿಲವಾಗಿ, ಮರುಕ್ಷಣದಲ್ಲಿ ಜಗ್ಗಿ, ಆ ಜಗ್ಗು ಹಿಂದಣ ಎಲ್ಲ ಎತ್ತುಗಳ ಹೆಗಲಿಗೆ ಹಾಯುತ್ತದೆ. ಕೆಸರಿನಲ್ಲಿ ಹೂತ ತೋಪನ್ನು ಆನೆಯು ಹಿಂದಿನಿಂದ ಹಣೆಕೊಟ್ಟು ನೂಕುತ್ತಿದ್ದುದೂ ಉಂಟು. ಆದ್ದರಿಂದ ಫಿರಂಗಿದಳದ ವೇಗವು ಎತ್ತುಗಳ ಬಲದಷ್ಟೇ ಅವುಗಳ ಹೊಂದಾಣಿಕೆಯನ್ನೂ ಅವಲಂಬಿಸಿತ್ತು.

ಮೈಸೂರಿನ ಸೈನ್ಯವು ಈ ಹೊಂದಾಣಿಕೆಯನ್ನು ಸಾಧಿಸಿದ್ದುದು ಒಂದು ಸಂಸ್ಥೆಯ ಮೂಲಕ. ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಾಲು ಬೆಣ್ಣೆಗಳಿಗಾಗಿ ಏರ್ಪಡಿಸಿದ 'ಬೆಣ್ಣೆ ಚಾವಡಿ'ಯು, ಹೈದರಾಲಿಯ ಕಾಲದಲ್ಲಿ ಸೈನ್ಯದ ಎತ್ತುಗಳ ಆಕರವಾಗಿ, ಟಿಪ್ಪುಸುಲ್ತಾನನಿಂದ 'ಅಮೃತಮಹಲು' ಎಂಬ ಹೆಸರನ್ನು ಪಡೆಯಿತು. ಹಳ್ಳಿಕಾರ ಮೊದಲಾದ ತಳಿಗಳ ಸಂಗಮವಾದ ಈ ಎತ್ತುಗಳ ವಿಶೇಷವೆಂದರೆ ವೇಗ ಮತ್ತು ತಾಳ್ಮೆ. ಈ ಎತ್ತುಗಳ ಬಲದಿಂದಲೇ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದನೆಂದೂ, ಸೋತಾಗಲೂ ಶತ್ರುವಿನ ಎದುರಿನಿಂದಲೇ ತೋಪುಗಳನ್ನು ಎಳೆದೊಯ್ಯುತ್ತಿದ್ದನೆಂದೂ, ಟಿಪ್ಪುವು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ದಾಟಿದನೆಂದೂ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸರು ನಮೂದಿಸಿದ್ದಾರೆ.

ಇದಕ್ಕೆ ವ್ಯತಿರಿಕ್ತವಾದ ಚಿತ್ರವನ್ನು 1791ನೆಯ ಇಸವಿ ಒದಗಿಸುತ್ತದೆ. ಆ ವರ್ಷದ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದು, ನಿಜಾಮನ ಕುದುರೆ ಸೈನ್ಯವನ್ನು ಕೂಡಿಕೊಳ್ಳಲು ಉತ್ತರಾಭಿಮುಖವಾಗಿ ದೇವನಹಳ್ಳಿಯತ್ತ ನಡೆದನು. ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ಹಾದಿ ಯಲಹಂಕದ ಸೀಮೆಯದು. ಮೇ ತಿಂಗಳಲ್ಲಿ ಅವನು ಶ್ರೀರಂಗಪಟ್ಟಣದ ಮೇಲೆ ಸಾಗಿ, ಅರಕೆರೆಯ ಬಳಿ ಯುದ್ಧದಲ್ಲಿ ಮೇಲುಗೈ ಪಡೆದರೂ, ಮಳೆ, ಮೇವಿನ ಅಭಾವ, ಜಾನುವಾರುಗಳ ಸಾವು ಇವುಗಳಿಂದ ಕಂಗೆಟ್ಟು, ಕನ್ನಂಬಾಡಿಯ ಹತ್ತಿರ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಗೆದ್ದವನು ತೋಪುಗಳನ್ನು ಕಳೆದುಕೊಂಡನು, ಸೋತವನು ಉಳಿಸಿಕೊಂಡನು. ಈ ಘಟನೆಗೆ ಕಾರಣ ಹಲವು. ಆದರೆ ಎಳೆಯುವುದಕ್ಕೂ ಎಳೆಯಲ್ಪಡುವುದಕ್ಕೂ ನಡುವಣ ಸಂಬಂಧ ಮುರಿದುಬಿದ್ದರೆ ವಿಜಯವೂ ವ್ಯರ್ಥವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಚರಿತ್ರೆಯಲ್ಲಿ ವಿರಳ. 1799ರ ಬಳಿಕ ಅಮೃತಮಹಲಿನ ಹಿಂಡುಗಳನ್ನು ಇಂಗ್ಲಿಷರು ತಮ್ಮ ವಶಕ್ಕೆ ತೆಗೆದುಕೊಂಡು ಕಾಪಾಡಿದುದರ ಮರ್ಮವೂ ಇದೇ.

4. ಹೇರಿನೆತ್ತಿನಿಂದ ಬಂಡಿಗೆ

ಸೈನ್ಯದ ಮಾತು ಹಾಗಿರಲಿ. ಸಾಮಾನ್ಯ ವ್ಯಾಪಾರದಲ್ಲಿ ಬಂಡಿಗಿಂತ ಹೇರಿನೆತ್ತಿಗೇ ಬಹುಕಾಲ ಪ್ರಾಶಸ್ತ್ಯವಿತ್ತು. ನಮ್ಮ ಶಾಸನಗಳಲ್ಲಿ ಸುಂಕದ ಪ್ರಸ್ತಾಪ ಬಂದಲ್ಲೆಲ್ಲ ಎತ್ತಿನ ಹೇರು, ಕತ್ತೆಯ ಹೇರು, ತಲೆವೊರೆಗಳ ಲೆಕ್ಕ ಪದೇ ಪದೇ ಕಾಣುತ್ತದೆ. ಬೆನ್ನ ಮೇಲೆ ಹೊರಿಸಿದ ಸರಕಿಗೆ ಕೊಂಡಿಯ ತೊಡಕಿಲ್ಲ. ಗಾಲಿಗೆ ಬೇಕಾದ ದಾರಿಯೂ ಬೇಕಿಲ್ಲ. ಲಂಬಾಣಿಗಳ ಸಾವಿರಾರು ಹೇರಿನೆತ್ತುಗಳು 1791–92ರ ಯುದ್ಧದಲ್ಲಿ ಸೈನ್ಯಕ್ಕೆ ಧಾನ್ಯವನ್ನು ಒದಗಿಸಿದುದು ಇದರಿಂದಲೇ ಸಾಧ್ಯವಾಯಿತು.

ಮಾರ್ಕ್ ಕಬ್ಬನ್ನನು ಮೈಸೂರಿನ ಕಮಿಷನರಾಗಿದ್ದ 1834ರಿಂದ 1861ರ ವರೆಗಿನ ಅವಧಿಯಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿಗಳಷ್ಟು ರಸ್ತೆಗಳೂ ಮುನ್ನೂರಕ್ಕೆ ಮಿಕ್ಕ ಸೇತುವೆಗಳೂ ನಿರ್ಮಾಣವಾದುವು. 1856ರಲ್ಲಿ ಮರಾಮತ್ತಿನ ಇಲಾಖೆಯು ಸ್ಥಾಪಿತವಾಯಿತು. ರಸ್ತೆ ಬಂದ ಮೇಲೆ ಬಂಡಿ ಬಂದಿತು. ಬಂಡಿಯೊಡನೆ ಹೂಡುವ ವಿದ್ಯೆಯು ಸೈನ್ಯದಿಂದ ಸಂತೆಗೆ ಇಳಿಯಿತು. ಹೇರಿನೆತ್ತು ನಾಲ್ಕು ಎತ್ತುಗಳ ಮೇಲೆ ಹೊರಿಸುತ್ತಿದ್ದ ಭಾರವನ್ನು ಬಂಡಿಯು ಎರಡು ಎತ್ತುಗಳಿಂದ ಎಳೆಸಿತು. ಆದರೆ ಲಾಭದ ಜೊತೆಗೆ ನೊಗದ ಹುಣ್ಣೂ ಮನೆಮನೆಗೆ ಬಂದಿತೆಂಬುದನ್ನು ಮರೆಯಲಾಗದು.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಸೂಚಿಸುವುದು ಯುಕ್ತ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರನ್ನು ಎಳೆಯುವುದು ಹಗ್ಗದಿಂದ. ಹಗ್ಗವು ಎಳೆಯಬಲ್ಲದು, ತಡೆಯಲಾರದು. ಆದ್ದರಿಂದ ಇಳಿಜಾರಿನಲ್ಲಿಯೂ ತಿರುವಿನಲ್ಲಿಯೂ ಗಾಲಿಗೆ ಮರದ ಬೆಣೆ ಕೊಟ್ಟು ತೇರನ್ನು ನಿಲ್ಲಿಸುವವರು ಬೇರೆಯೇ ಇರುತ್ತಾರೆ. ಎಳೆಯುವುದು ಸಾವಿರ ಜನರ ಪುಣ್ಯವಾದರೆ, ತಡೆಯುವುದು ಕೆಲವರೇ ಕುಶಲರ ಜವಾಬ್ದಾರಿ. ಎಳೆಯಲ್ಪಡುವ ವಸ್ತುವು ಎಳೆಯುವುದರ ಮೇಲೆ ನುಗ್ಗಿ ಬರಬಲ್ಲದು. ಆ ನುಗ್ಗನ್ನು ತಡೆಯುವ ಏರ್ಪಾಡೂ ಕೊಂಡಿಯ ಭಾಗವೇ ಎಂಬುದನ್ನು ತೇರು ನಮಗೆ ಕಲಿಸುತ್ತದೆ. ಈ ಪಾಠವು ರೈಲಿಗೂ ಟ್ರೇಲರಿಗೂ ಸಮನಾಗಿ ಅನ್ವಯಿಸುತ್ತದೆ.

5. ಹಳಿಯ ಮೇಲಣ ಕೊಂಡಿ

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 5 ಅಡಿ 6 ಅಂಗುಲಗಳ ಅಗಲ ಹಳಿಯ ರೈಲು ಬಂದಿತು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೀಟರ್‌ಗೇಜು ಮುಟ್ಟಿತು. ಮುಂದಿನ ದಶಕದಲ್ಲಿ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೂಲಕ ಹಿಂದೂಪುರಕ್ಕೆ ಮೀಟರ್‌ಗೇಜಿನ ಹಾದಿಯಾಯಿತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ಬೌರಿಂಗ್‌ಪೇಟೆ, ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳ ಸೀಮೆಯಲ್ಲಿ 2 ಅಡಿ 6 ಅಂಗುಲಗಳ ಕಿರುಹಳಿಯೂ ಬಂದಿತು. ಹೀಗೆ ಮೂರು ಅಳತೆಯ ಹಳಿಗಳು ಒಂದೇ ಪ್ರದೇಶದಲ್ಲಿ ನೆಲೆಸಿದುವು. ಅಳತೆ ಬೇರೆಯಾದಲ್ಲಿ ಎಂಥ ಕೊಂಡಿಯೂ ಕೂಡಿಸಲಾರದು. ಒಂದು ಗಾಡಿಯ ಸರಕನ್ನು ಇನ್ನೊಂದಕ್ಕೆ ಸಾಗಿಸಲು ಅಲ್ಲಿ ಉಳಿದಿದ್ದ ಕೊಂಡಿಯೆಂದರೆ ಕೂಲಿಯ ಬೆನ್ನೊಂದೇ. ಈ ಬೇಲಿಯು ಕಟ್ಟಕಡೆಗೆ ಮುರಿದುದು 2013ರಲ್ಲಿ, ಚಿಕ್ಕಬಳ್ಳಾಪುರ–ಕೋಲಾರಗಳ ನಡುವೆ ಅಗಲ ಹಳಿ ಸಂಪೂರ್ಣವಾದಾಗ.

ಕೊಂಡಿಗಳಲ್ಲಿಯೂ ಭೇದಗಳಿದ್ದುವು. ಅಗಲ ಹಳಿಯ ಗಾಡಿಗಳಿಗೆ ಎರಡು ಪಕ್ಕಗಳಲ್ಲಿ ಬಫರುಗಳು, ನಡುವೆ ಕೊಕ್ಕೆ ಮತ್ತು ತಿರುಪಿನ ಕೊಂಡಿ. ತಿರುಪನ್ನು ಬಿಗಿದಷ್ಟೂ ಬಫರುಗಳು ಒಂದಕ್ಕೊಂದು ಒತ್ತಿ ತೆರಪು ಇಲ್ಲವಾಗುತ್ತದೆ. ಗಾಡಿ ಮೆತ್ತಗೆ ಹೊರಡುತ್ತದೆ. ಮೀಟರ್‌ಗೇಜಿನಲ್ಲಿ ನಡುವೆ ಒಂದೇ ಬಫರು, ಅದರ ಬಾಯೊಳಕ್ಕೆ ಕೊಡಲಿಯಂತೆ ಬೀಳುವ ಕೊಕ್ಕೆ. ಸರಕಿನ ವ್ಯಾಗನ್ನುಗಳಿಗೆ ಮೂರು ಬಳೆಯ ಸಡಿಲ ಸರಪಣಿಯೂ ಸಾಕೆಂದು ಇಂಗ್ಲೆಂಡಿನಲ್ಲಿ ಬಹುಕಾಲ ನಂಬಿದ್ದರು. ಈ ಸಡಿಲಕ್ಕೆ ಒಂದು ಸಮರ್ಥನೆಯೂ ಇತ್ತು. ನಲವತ್ತು ವ್ಯಾಗನ್ನುಗಳನ್ನು ಏಕಕಾಲದಲ್ಲಿ ಕದಲಿಸುವ ಶಕ್ತಿ ಹಳೆಯ ಉಗಿಯಂತ್ರಕ್ಕೆ ಇರಲಿಲ್ಲ. ಸರಪಣಿ ಸಡಿಲವಾಗಿದ್ದರೆ ಮೊದಲ ವ್ಯಾಗನ್ನು ಮೊದಲು, ಎರಡನೆಯದು ಆಮೇಲೆ, ಹೀಗೆ ಒಂದೊಂದಾಗಿ ಕದಲುತ್ತವೆ. ಅಟ್ಟೂರಿನ ರಾತ್ರಿಯಲ್ಲಿ ನಾವು ಕೇಳಿದ ಉರುಳುವ ಗುಡುಗಿನ ವಂಶಮೂಲ ಇಲ್ಲಿದೆ. ಸದ್ದೆಲ್ಲವೂ ದೋಷವಲ್ಲ, ಕೆಲವೊಮ್ಮೆ ಅದು ದುರ್ಬಲನಾದ ಎಳೆಯುವವನಿಗೆ ಕೊಟ್ಟ ರಿಯಾಯಿತಿ.

ಆದರೆ ಆ ರಿಯಾಯಿತಿಯ ಬೆಲೆಯನ್ನು ತೆತ್ತವರು ಯಾರು? ಕೊಕ್ಕೆಗೆ ಬಳೆಯನ್ನು ತೊಡಿಸಲು ಎರಡು ಗಾಡಿಗಳ ನಡುವೆ ನುಗ್ಗಬೇಕಾಗಿದ್ದ ಕೆಲಸಗಾರರು. ಅಮೆರಿಕದಲ್ಲಿ ಬಳೆ ಮತ್ತು ಗೂಟಗಳ ಕೊಂಡಿಯಿಂದ ಬೆರಳು, ಕೈ, ಪ್ರಾಣಗಳನ್ನು ಕಳೆದುಕೊಂಡವರ ಸಂಖ್ಯೆ ಭಯಂಕರವಾಗಿತ್ತು. ಈಲೈ ಜಾನಿಯೆಂಬವನು 1873ರಲ್ಲಿ, ಮುಷ್ಟಿಗೆ ಮುಷ್ಟಿ ಹೆಣೆದಂತೆ ತಾನೇ ಕೂಡಿಕೊಳ್ಳುವ ಕೊಂಡಿಗೆ ಹಕ್ಕುಪತ್ರವನ್ನು ಪಡೆದನು. ಆದಾಗ್ಯೂ ಕಂಪೆನಿಗಳು ಇಪ್ಪತ್ತು ವರ್ಷ ಮೀನಮೇಷ ಎಣಿಸಿದುವು. 1893ರಲ್ಲಿ ಶಾಸನವೇ ಆಗಬೇಕಾಯಿತು. ಉಪಾಯವು ಕೈಯಲ್ಲಿದ್ದೂ ಎರಡು ದಶಕಗಳ ಕಾಲ ಮನುಷ್ಯರ ಬೆರಳುಗಳು ಹೋಗುತ್ತಿದ್ದುದಕ್ಕೆ ತಾಂತ್ರಿಕವಾದ ಕಾರಣವಿಲ್ಲ, ಸಾಮಾಜಿಕವಾದ ಕಾರಣವಿದೆ. ಎತ್ತಿನ ಹುಣ್ಣನ್ನು ಕಾಣದ ಕಣ್ಣು ಕೂಲಿಯ ಬೆರಳನ್ನೂ ಕಾಣದು.

ಭಾರತದಲ್ಲಿ ಈ ನಡುಕೊಂಡಿಯು ಸ್ವಾತಂತ್ರ್ಯಾನಂತರ ಸರಕುಗಾಡಿಗಳಿಗೂ, 2000ನೆಯ ಇಸವಿಯಲ್ಲಿ ಜರ್ಮನಿಯ ಮಾದರಿಯ ಎಲ್.ಎಚ್.ಬಿ. ಬೋಗಿಗಳೊಡನೆ ಪ್ರಯಾಣಿಕರ ಗಾಡಿಗಳಿಗೂ ಬಂದಿತು. ಪೆರಂಬೂರಿನಲ್ಲಿ 1955ರಿಂದ ತಯಾರಾಗುತ್ತಿದ್ದ ಹಳೆಯ ಮಾದರಿಯ ಬೋಗಿಗಳ ನಿರ್ಮಾಣವು 2018ರಲ್ಲಿ ನಿಂತಿತು. ಹೊಸ ಬೋಗಿಗಳು ಅಪಘಾತದಲ್ಲಿ ಒಂದರ ಮೇಲೊಂದು ಹತ್ತದಂತೆ ಕಾಪಾಡುವುದರಿಂದ ಹೆಚ್ಚು ಸುರಕ್ಷಿತ. ಆದರೆ ತಿರುಪಿನ ಕೊಂಡಿಯ ಬಿಗಿತವನ್ನು ಅನುಭವಿಸಿದ್ದ ಪ್ರಯಾಣಿಕರು ಹೊಸ ಗಾಡಿ ಹೊರಡುವಾಗಲೂ ನಿಲ್ಲುವಾಗಲೂ ಆಗುವ ಜಗ್ಗನ್ನು ಕುರಿತು ಆಕ್ಷೇಪಿಸಿದರು. ಮುಷ್ಟಿಗಳ ನಡುವಣ ತೆರಪು, ಎರಡು ದಿಕ್ಕಿನ ಬಲವನ್ನೂ ಸಮನಾಗಿ ನುಂಗಲಾರದ ಮೆತ್ತೆ, ಇವೇ ಕಾರಣಗಳು. ಎಳೆತ, ಒತ್ತು ಎರಡನ್ನೂ ಸಮತೂಕದಲ್ಲಿ ಹೀರುವ ಹೊಸ ಮೆತ್ತೆಗಳನ್ನು ಅಳವಡಿಸಿ ಈ ದೋಷವನ್ನು ತಗ್ಗಿಸಲಾಯಿತು. ತೇರಿನ ಹಗ್ಗ ಮತ್ತು ಬೆಣೆ, ಎರಡರ ಕೆಲಸವೂ ಒಂದೇ ಪೆಟ್ಟಿಗೆಯೊಳಗೆ ಸೇರಿತೆನ್ನಬಹುದು.

ಯಲಹಂಕದಲ್ಲಿ 1984ರಲ್ಲಿ ಆರಂಭವಾದ ರೈಲು ಗಾಲಿ ಮತ್ತು ಅಚ್ಚುಗಳ ಕಾರ್ಖಾನೆಯು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಸವೆದ ಹಳೆಯ ಗಾಲಿಗಳನ್ನೂ ಇತರ ಗುಜರಿ ಉಕ್ಕನ್ನೂ ವಿದ್ಯುತ್ಕುಲುಮೆಯಲ್ಲಿ ಕರಗಿಸಿ, ಗ್ರ್ಯಾಫೈಟಿನ ಅಚ್ಚುಗಳಲ್ಲಿ ಹೊಸ ಗಾಲಿಗಳನ್ನು ಎರಕ ಹೊಯ್ಯುವ ಈ ಕಾರ್ಖಾನೆಯಿಂದ ನಮ್ಮ ಊರಿನ ನೆರೆಗೆ ದೇಶವ್ಯಾಪಿಯಾದ ಕೀರ್ತಿ ಬಂದಿದೆ. ಗಾಲಿಗೆ ಇಷ್ಟು ಗೌರವ ಸಂದಿರುವಾಗ ಕೊಂಡಿಗೂ ಒಂದಿಷ್ಟು ಸಲ್ಲಬೇಡವೇ?

6. ಟ್ರೇಲರು ಮತ್ತು ಗಾಲಿಯ ಮೇಲಣ ಮನೆ

ರಸ್ತೆಗೆ ಮರಳೋಣ. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಸ್ತಾರವಾದ ಆವರಣವು ರೂಪುಗೊಂಡಿತು. ಈ ಕಾಲದಿಂದೀಚೆಗೆ ನಮ್ಮ ರೈತರ ಅಂಗಳಕ್ಕೆ ಬಂದ ಟ್ರ್ಯಾಕ್ಟರು ಎತ್ತಿನ ಸ್ಥಾನವನ್ನು ಹಿಡಿಯಿತು. ಆದರೆ ಸಂಧಿಯ ಸಮಸ್ಯೆಯನ್ನು ಹೊಸದಾಗಿ ಆರಂಭಿಸಿತು. ಟ್ರ್ಯಾಕ್ಟರಿನ ಹಿಂದೆ ಎರಡು ತುಟಿಗಳಂಥ ಕಬ್ಬಿಣ, ನಡುವೆ ಟ್ರೇಲರಿನ ಬಳೆ, ಮೇಲಿನಿಂದ ಇಳಿಬಿಟ್ಟ ಕೀಲು. ಇದು 18ನೆಯ ಶತಮಾನದ ತೋಪಿನ ಬಂಡಿಯ ಗೂಟ-ತೂತುಗಳ ಸಂಧಿಯೇ ಹೊರತು ಬೇರೆಯಲ್ಲ. ಕೀಲು ಸವೆದರೂ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿದರೂ ಬದಲಾಯಿಸದೆ ನಡೆಸುವುದರಿಂದ 'ಟಣ್, ಟಣ್' ಎಂಬ ಸದ್ದು. ಮಂಡ್ಯ, ಬೆಳಗಾವಿಗಳ ಕಬ್ಬಿನ ಸುಗ್ಗಿಯಲ್ಲಿ ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಕಟ್ಟಿ ಎಳೆಯುವಾಗ ಈ ಸದ್ದು ಇಮ್ಮಡಿಸುತ್ತದೆ. ಟ್ರೇಲರಿಗೆ ತನ್ನದೇ ತಡೆಯಿಲ್ಲದಿದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರಿನ ಮೇಲೆ ನುಗ್ಗುತ್ತದೆ. ಕೊಂಡಿಯನ್ನು ಎತ್ತರದಲ್ಲಿ ಸಿಕ್ಕಿಸಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿಗಳೇ ನೆಲ ಬಿಡುತ್ತವೆ. ಸದ್ದು ಇವೆಲ್ಲಕ್ಕೂ ಮುನ್ಸೂಚನೆ. ಆದರೆ ಯಂತ್ರದ ಆರ್ಭಟದಲ್ಲಿ ಅದನ್ನು ಆಲಿಸುವವರು ವಿರಳ.

ಸರಕಿನ ಟ್ರೇಲರಿಗೆ ನಾಗರಿಕವಾದ ಬಂಧುವೊಂದುಂಟು. ಅದು ಪ್ರವಾಸಿಗರು ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಯ ಮೇಲಣ ಮನೆ. ವಿಹಾರಕ್ಕಾಗಿಯೇ ಇಂಥ ಮನೆಯನ್ನು ಮೊದಲು ಕಟ್ಟಿಸಿದವರಲ್ಲಿ ಸ್ಕಾಟ್‌ಲೆಂಡಿನ ಡಾ. ಗಾರ್ಡನ್ ಸ್ಟೇಬಲ್ಸನು ಪ್ರಸಿದ್ಧ. 1885ರ ಅವನ 'ವಾಂಡರರ್' ಬಂಡಿಯನ್ನು ಎರಡು ಕುದುರೆಗಳು ಎಳೆಯುತ್ತಿದ್ದುವು. ಗಾಡಿಯನ್ನೇ ಗುರುತಾಗಿ ಪಡೆದ ರೈಕ್ವನ ಕಥೆ ನಮ್ಮ ಛಾಂದೋಗ್ಯೋಪನಿಷತ್ತಿನಲ್ಲಿಯೇ ಇರುವುದರಿಂದ, ಬಂಡಿಯೇ ಆಸರೆಯಾಗುವ ಕಲ್ಪನೆಯು ನಮಗೆ ಪರಕೀಯವೆನ್ನಲಾಗದು. ಈಗಿನ ಪ್ರವಾಸಿಮನೆಯು ಮೋಟಾರಿಗೆ ಕೂಡುವುದು ಉಕ್ಕಿನ ಗುಂಡಿನ ಮೂಲಕ. ಗುಂಡಿನ ಮೇಲೆ ಬಟ್ಟಲು ಕವಿದಂತೆ ಕೊಂಡಿ ಕೂರುತ್ತದೆ. ಎಲ್ಲ ದಿಕ್ಕಿಗೂ ತಿರುಗುತ್ತದೆ. ಗೂಟ-ತೂತುಗಳ ಸಂಧಿಗಿಂತ ಇದು ಸುಧಾರಿತವಾದುದು. ಆದರೂ ಸದ್ದು ಹೋಗಿಲ್ಲ. ಪರಿಶೀಲಿಸಿದರೆ ಅದರ ಮೂಲಗಳು ಮೂರು. ಗುಂಡನ್ನು ಹೊತ್ತ ದಂಡವು ವಾಹನದ ಚೌಕನಾಳದೊಳಗೆ ಕೂರುವಲ್ಲಿ ಒಂದೆರಡು ಮಿಲಿಮೀಟರುಗಳ ತೆರಪು. ಬಟ್ಟಲು ಮತ್ತು ಗುಂಡುಗಳ ನಡುವಣ ಸಡಿಲು. ಜೋಲುವ ರಕ್ಷಣಾ ಸರಪಣಿ. ಮೊದಲನೆಯದಕ್ಕೆ ದಂಡವನ್ನು ನಾಳಕ್ಕೆ ಬಿಗಿಯುವ ಪಟ್ಟಿ ಅಥವಾ ಬೆಣೆ. ಎರಡನೆಯದಕ್ಕೆ ಬಟ್ಟಲಿನ ಅಡಿಯ ತಿರುಪನ್ನು ಸರಿಪಡಿಸುವುದು, ಗ್ರೀಸು ಹಚ್ಚುವುದು. ಮೂರನೆಯದಕ್ಕೆ ಸರಪಣಿಯನ್ನು ನೆಲ ಮುಟ್ಟದಂತೆ, ಆದರೆ ತಿರುವಿಗೆ ಸಾಲುವಷ್ಟು ಮೊಟಕು ಮಾಡುವುದು. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ 10ರಿಂದ 15 ಭಾಗ ಕೊಂಡಿಯ ಮೇಲೆ ಬರುವಂತೆ ಸಾಮಾನು ಜೋಡಿಸಬೇಕೆಂದು ಅಮೆರಿಕದ ಚಾಲಕರಿಗೆ ಉಪದೇಶವುಂಟು. ಕಡಿಮೆಯಾದರೆ ಟ್ರೇಲರು ಹಾವಿನಂತೆ ಹೊಯ್ದಾಡುತ್ತದೆ. ಹೆಚ್ಚಾದರೆ ವಾಹನದ ಹಿಂಭಾಗ ಕುಸಿಯುತ್ತದೆ. ಬೆಣೆ, ಕೀಲೆಣ್ಣೆ, ಮುಂಭಾರ, ಹಿಂಭಾರ — ನಮ್ಮ ಬಂಡಿಕಾರನಿಗೆ ಇದರಲ್ಲಿ ಅಪರಿಚಿತವಾದ ಮಾತು ಒಂದಾದರೂ ಇದೆಯೆ?

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಥೂಲವಾಗಿ ಸಿದ್ಧವಾಗುತ್ತವೆ. ಸಂಧಿಯ ಚರಿತ್ರೆಯು ಸಡಿಲು ಮತ್ತು ಬಿಗಿತಗಳ ನಡುವಣ ಸಂಧಾನದ ಚರಿತ್ರೆ. ಅತಿ ಬಿಗಿಯಾದ ಸಂಧಿ ತಿರುಗದೆ ಮುರಿಯುತ್ತದೆ. ಅತಿ ಸಡಿಲವಾದುದು ಬಡಿದು ಸವೆಯುತ್ತದೆ. ಚರ್ಮ, ಗೂಟ, ತಿರುಪು, ಮುಷ್ಟಿ, ಗುಂಡು ಎಂಬ ಕ್ರಮದಲ್ಲಿ ರೂಪಗಳು ಬದಲಾದರೂ ಪ್ರಶ್ನೆ ಬದಲಾಗಿಲ್ಲ. ಇದರಲ್ಲಿ ನೇರವಾದ ಪ್ರಗತಿಯನ್ನು ಕಾಣಲು ಹೋಗುವುದೂ ತಪ್ಪು. ಮಿಣಿಯ ಸಂಧಿ ನಿಶ್ಶಬ್ದವಾಗಿತ್ತು, ಆದರೆ ಎತ್ತನ್ನು ನೋಯಿಸಿತು. ನಡುಕೊಂಡಿ ಕೆಲಸಗಾರನ ಕೈಯನ್ನು ಉಳಿಸಿತು, ಆದರೆ ಪ್ರಯಾಣಿಕನನ್ನು ಕುಲುಕಿತು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಂಧಿಯ ದೋಷದ ಬೆಲೆಯನ್ನು ಎಳೆಯಲ್ಪಡುವ ಸರಕಿನ ಒಡೆಯನು ತೆತ್ತುದು ಅಪರೂಪ. ಎತ್ತಿನ ಹೆಗಲು, ಫಿರಂಗಿದಳದ ಬಡ ಸಿಪಾಯಿ, ಹಳಿಯ ನಡುವಣ ಕೆಲಸಗಾರ, ರಾತ್ರಿ ಟ್ರ್ಯಾಕ್ಟರು ನಡೆಸುವ ಕೂಲಿಯಾಳು — ತೆತ್ತವರು ಇವರು. ಇವರ ಹೆಸರುಗಳು ಶಾಸನಗಳಲ್ಲಿಲ್ಲ, ಕೈಫಿಯತ್ತುಗಳಲ್ಲಿಲ್ಲ, ಗೆಜೆಟಿಯರುಗಳಲ್ಲಿಲ್ಲ. ಚರಿತ್ರೆಯು ಎಳೆಯುವವರ ಶೌರ್ಯವನ್ನೂ ಎಳೆದು ತಂದ ಸಂಪತ್ತನ್ನೂ ಬರೆದಿರಿಸಿದೆ; ನಡುವೆ ಸಿಕ್ಕಿಕೊಂಡವರನ್ನು ಬರೆದಿಲ್ಲ.

ಈ ದಿಕ್ಕಿನಲ್ಲಿ ಸಂಶೋಧನೆ ಮಾಡಬಯಸುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆಯಿದೆ. ಬಡಗಿ, ಕಮ್ಮಾರ, ಚಮ್ಮಾರರ ಬಾಯಲ್ಲಿ ಉಳಿದಿರುವ ಬಂಡಿಯ ಅಂಗಗಳ ಹೆಸರುಗಳು ಒಂದು ತಲೆಮಾರಿನೊಳಗೆ ಅಳಿದುಹೋಗಲಿವೆ. ಜಿಲ್ಲೆಯಿಂದ ಜಿಲ್ಲೆಗೆ ವ್ಯತ್ಯಾಸವಾಗುವ ಈ ಶಬ್ದಗಳನ್ನು ಸಂಗ್ರಹಿಸುವುದು ತಾಮ್ರಪಟಗಳ ಶೋಧನೆಗಿಂತ ಕಡಿಮೆಯ ಕಾರ್ಯವಲ್ಲ. ರೈಲ್ವೆಯಲ್ಲಿ ಗಾಡಿ ಕೂಡಿಸುವ ಕೆಲಸ ಮಾಡಿ ನಿವೃತ್ತರಾದವರ ನೆನಪುಗಳನ್ನು ಬರೆದುಕೊಳ್ಳುವುದೂ ತುರ್ತಿನ ಕಾರ್ಯವೇ. ದಾಖಲೆಗಳು ಮೂಕವಾದಲ್ಲಿ ವಸ್ತುಗಳು ಮಾತನಾಡುತ್ತವೆ. ಕೊಂಡಿಯಂತೂ ಮಾತನಾಡುತ್ತಲೇ ಇದೆ. ಅದು ಸದ್ದು ಮಾಡಿದಾಗ ಚಿಂದಿ ಸುತ್ತಿ ಬಾಯಿ ಮುಚ್ಚಿಸುವ ಬದಲು, ಎಲ್ಲಿ ಸವೆದಿದೆ, ಯಾರಿಗೆ ತಾಗುತ್ತಿದೆ ಎಂದು ಬಗ್ಗಿ ನೋಡುವುದು ಬಂಡಿಕಾರನಿಗೆ ಹೇಗೋ ಇತಿಹಾಸಕಾರನಿಗೂ ಹಾಗೆಯೇ ಕರ್ತವ್ಯ.